ಚುಕ್ಕಿಯ ಅನಂತರದ ಅಕ್ಷರಗಳು

ವಿಸ್ತರಣೆ

ಹರಡು, ಹಾಸು ಎಂಬ ಅರ್ಥದ ಸಂಸ್ಕೃತ ಧಾತು ‘ಸ್ತೃ’ಗೆ ‘ವಿ’ ಉಪಸರ್ಗ ಸೇರಿ ಹುಟ್ಟಿದ ಈ ಪದಕ್ಕೆ ವಿಸ್ತಾರ, ವಿಸ್ತೀರ್ಣ, ವಿಸ್ತೃತ ಎಂಬವು ಒಡಹುಟ್ಟಿದವು; ಹರಡು ಎಂದೇ ಅರ್ಥವಿರುವ ಲ್ಯಾಟಿನ್ನಿನ ‘ಸ್ಟೆರ್ನೆರೆ’, ಇಂಗ್ಲಿಷಿನ ‘ಸ್ಟ್ರೂ’ ದೂರದ ಬಂಧುಗಳು. ರಸ್ತೆ ವಿಸ್ತರಣೆ, ಅವಧಿ ವಿಸ್ತರಣೆ, ಸಂಪುಟ ವಿಸ್ತರಣೆ ಎಂದು ಕನ್ನಡದಲ್ಲಿ ಬಳಕೆಯಲ್ಲಿರುವ ಪದವು ಗಣಕ ಬಂದ ಮೇಲೆ ‘ಎಕ್ಸ್‌ಟೆನ್ಷನ್’ ಎಂಬುದಕ್ಕೆ ಸಾಟಿಯಾಗಿ, ಕಡತದ ಹೆಸರಿನಲ್ಲಿ ಕೊನೆಯ ಚುಕ್ಕಿಯ ಅನಂತರ ಬಂದು ಕಡತದ ಬಗೆಯನ್ನು ಸೂಚಿಸುವ ಅಕ್ಷರಗಳಿಗೂ ಸಲ್ಲತೊಡಗಿತು. (ಆ ಇಂಗ್ಲಿಷ್ ಪದದ ಮೂಲವಾದ ಲ್ಯಾಟಿನ್ ‘ಟೆಂಡೆರೆ’ಗೆ ನಂಟಿರುವುದು ತಂತು, ತಂತಿಗಳ ‘ತನ್’ ಧಾತುವಿನೊಡನೆ.)

ಈ ಹೊಸ ಅರ್ಥದಲ್ಲಿ ಪದವು ತುಸು ದಾರಿ ತಪ್ಪಿಸುತ್ತದೆ. ಎಂಎಸ್-ಡಾಸ್ ವ್ಯವಸ್ಥೆಯಲ್ಲಿ ಹೆಸರಿಗೆ 8, ವಿಸ್ತರಣೆಗೆ 3 ಅಕ್ಷರಗಳ ಮಿತಿಯಿದ್ದು, ಎರಡನ್ನೂ ಪ್ರತ್ಯೇಕವಾಗಿ ದಾಖಲಿಸಿ ಚುಕ್ಕಿಯನ್ನು ದಾಖಲಿಸದೆಯೇ ಬಿಡಲಾಗುತ್ತಿದ್ದುದರಿಂದ, ಇದು ಹೆಸರಿನ ಹಿಗ್ಗುವಿಕೆಯಲ್ಲ, ಬೇರೆಯೇ ಗುರುತು. ‘ಚಿತ್ರ.ಜೆಪಿಜಿ’ಯನ್ನು ‘ಚಿತ್ರ.ಪಿಎನ್‌ಜಿ’ ಎಂದು ತಿದ್ದಿದರೆ ಕಡತದ ಒಳರೂಪ ಬದಲಾಗುವುದಿಲ್ಲ. ಅದನ್ನು ಯಾವ ತಂತ್ರಾಂಶ ತೆರೆಯಬೇಕೆಂಬ ಸೂಚನೆ ಮಾತ್ರ ಕೆಡುತ್ತದೆ. ವಿಂಡೋಸ್ ಪರಿಚಿತ ವಿಸ್ತರಣೆಗಳನ್ನು ತಾನಾಗಿಯೇ ಮರೆಮಾಡುವುದರಿಂದ, ಅದು ಇಲ್ಲವೆಂದು ಭಾವಿಸಿದ ಬಳಕೆದಾರರು ಮತ್ತೊಮ್ಮೆ ಬರೆದು ‘ಚಿತ್ರ.ಜೆಪಿಜಿ.ಜೆಪಿಜಿ’ ಮಾಡುವುದೂ ಉಂಟು. ಈ ಮರೆಮಾಚುವಿಕೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿದೆ. ಆದುದರಿಂದ ವಿಸ್ತರಣೆಗಳು ಕಾಣುವಂತೆ ಆಯ್ಕೆ ಮಾಡಿಕೊಂಡು, ಕಡತವನ್ನು ಆರಿಸಿ ಎಫ್2 ಕೀಲಿ ಒತ್ತಿದಾಗ ಗುರುತಾಗುವ ಹೆಸರಿನ ಭಾಗವನ್ನಷ್ಟೇ ಬದಲಿಸಿ, ಚುಕ್ಕಿಯನ್ನೂ ಅದರ ಮುಂದಿನದನ್ನೂ ಮುಟ್ಟದಿರುವುದು ಲೇಸು.