ಅಂತೆಕಂತೆಗಳ ಸಂತೆಯಲ್ಲಿ ಒಂದು ಸೀಟು



ಕ್ರೀಡೆಯನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಕ್ರಿಕೆಟ್ಟಿನದೇ ಸಿಂಹಪಾಲು. ಆದರೆ ಆಗಸ್ಟ್ ತಿಂಗಳು ಬಂತೆಂದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಕಾಲೇಜು ಹುಡುಗ ಹುಡುಗಿಯರಿಂದ ಒಂದೇ ಧಾಟಿಯ ಬೇರೆ ಪ್ರಶ್ನೆಗಳೂ ಬರತೊಡಗುತ್ತವೆ. ಇಂಥ ಚಾಲಕ ಫೆರಾರಿ ಬಿಡುತ್ತಾನಂತೆ, ಹೌದೇ? ಅವನ ಜಾಗಕ್ಕೆ ಇಂಥವನು ಬರುತ್ತಾನಂತೆ, ನಿಜವೇ? ಮುಂದಿನ ವರ್ಷ ನಮ್ಮ ಬೆಂಗಳೂರಿನ ಹುಡುಗನಿಗೂ ಫಾರ್ಮುಲಾ ಒನ್ನಿನಲ್ಲಿ ಸೀಟು ಸಿಗುತ್ತದಂತೆ?

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಕಣ್ಣಾರೆ ಕಂಡದ್ದಕ್ಕೂ ಕಿವಿಯಿಂದ ಕೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ತೋರಿಸಲು ‘ಅಂತೆ’ ಎಂಬ ಎರಡಕ್ಷರ ಸಾಕು. ಮೋಟಾರು ಪಂದ್ಯದ ಲೋಕದಲ್ಲಿ ಮಾತ್ರ ಆ ಎರಡಕ್ಷರ ಬಹುಬೇಗ ಉದುರಿಹೋಗುತ್ತದೆ. ಸೋಮವಾರ ‘ಹೋಗುತ್ತಾನಂತೆ’ ಎಂದಿದ್ದ ಸುದ್ದಿ ಗುರುವಾರದ ಹೊತ್ತಿಗೆ ‘ಹೋಗುತ್ತಾನೆ’ ಎಂದಾಗಿರುತ್ತದೆ. ಹೀಗೆ ಉದುರುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಒಂದು ಇತಿಹಾಸವಿದೆ. ಬೆಂಗಳೂರಿನ ಒಡೆತನದಲ್ಲಿ ಸುಮಾರು ಹತ್ತು ವರ್ಷ ಫಾರ್ಮುಲಾ ಒನ್ ಓಡಿದ ತಂಡವೊಂದಿತ್ತು. ಅದರಲ್ಲಿ ಭಾರತೀಯನೊಬ್ಬ ಕೂರುತ್ತಾನೆಂಬ ಸುದ್ದಿ ಮತ್ತೆ ಮತ್ತೆ ಹುಟ್ಟಿತು. ಕೊನೆಗೂ ಯಾರೂ ಕೂರಲಿಲ್ಲ.

ಮೊದಲು ಸೀಟುಗಳ ಲೆಕ್ಕ ನೋಡೋಣ. ಪ್ರತಿ ತಂಡಕ್ಕೆ ಎರಡೇ ಕಾರು. 2009ರಲ್ಲಿ ತಂಡಗಳು 10, ಸೀಟುಗಳು 20. 2026ಕ್ಕೆ ಕ್ಯಾಡಿಲಾಕ್ ಸೇರಿ ತಂಡಗಳು 11, ಸೀಟುಗಳು 22. ಇಡೀ ಪ್ರಪಂಚಕ್ಕೆ ಇಷ್ಟೇ. ಒಬ್ಬ ಏಳದೆ ಇನ್ನೊಬ್ಬ ಕೂರುವಂತಿಲ್ಲ. ರಸಾಯನಶಾಸ್ತ್ರದ ತರಗತಿಯಲ್ಲಿ ನೀವು ಸಮೀಕರಣ ಸರಿದೂಗಿಸುತ್ತೀರಲ್ಲ, ಎಡಗಡೆ ಇರುವಷ್ಟೇ ಪರಮಾಣುಗಳು ಬಲಗಡೆಯೂ ಇರಬೇಕು. ಇಲ್ಲೂ ಹಾಗೆಯೇ. ‘ಇಂಥವನು ಬರುತ್ತಾನಂತೆ’ ಎಂಬ ಸುದ್ದಿ ಕಿವಿಗೆ ಬಿದ್ದಾಗ ಕೇಳಬೇಕಾದದ್ದು, ಹಾಗಾದರೆ ಏಳುವವನು ಯಾರು, ಅವನ ಕರಾರು ಎಂದಿಗೆ ಮುಗಿಯುತ್ತದೆ ಎಂದು. ಬಹುಪಾಲು ಗಾಳಿಸುದ್ದಿಗಳು ಈ ಒಂದು ಪ್ರಶ್ನೆಗೇ ನಿಲ್ಲುವುದಿಲ್ಲ.

ನಮ್ಮ ಕಥೆಯ ತಂಡದ ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ. ಐರ್ಲೆಂಡಿನ ಎಡ್ಡಿ ಜೋರ್ಡನ್ 1991ರಲ್ಲಿ ಅದನ್ನು ತಮ್ಮದೇ ಹೆಸರಿನಲ್ಲಿ ಫಾರ್ಮುಲಾ ಒನ್ನಿಗೆ ತಂದರು. ಆ ವರ್ಷವೇ ಅವರಿಗೆ ಸೀಟಿನ ವ್ಯಾಪಾರದ ಪಾಠವಾಯಿತು. ಅವರ ಚಾಲಕ ಬರ್ಟ್ರಾಂಡ್ ಗಾಶೊ ಲಂಡನ್ನಿನ ಟ್ಯಾಕ್ಸಿ ಚಾಲಕನೊಬ್ಬನ ಮುಖಕ್ಕೆ ಅನಿಲ ಸಿಂಪಡಿಸಿ ಜೈಲು ಸೇರಿದ. ತೆರವಾದ ಸೀಟಿಗೆ ಬೆಲ್ಜಿಯಂ ಪಂದ್ಯಕ್ಕೆಂದು ಒಬ್ಬ ಹೊಸ ಜರ್ಮನ್ ಹುಡುಗನನ್ನು ಕೂರಿಸಲಾಯಿತು. ಹೆಸರು ಮೈಕೆಲ್ ಶುಮಾಕರ್. ಮುಂದಿನ ಪಂದ್ಯ ಎರಡೇ ವಾರಕ್ಕಿತ್ತು. ಆ ಹೊತ್ತಿಗೆ ಶುಮಾಕರ್ ಬೆನೆಟನ್ ತಂಡದಲ್ಲಿದ್ದ! ಜೋರ್ಡನ್ ಕೋರ್ಟಿಗೆ ಹೋದರು. ಆದರೆ ಅವರ ಕೈಯಲ್ಲಿ ಪೂರ್ಣ ಕರಾರು ಇರಲಿಲ್ಲ, ಸಹಿಯಾದ ಒಂದು ಉದ್ದೇಶಪತ್ರವಷ್ಟೇ ಇತ್ತು. ಬೆನೆಟನ್ನಿನಲ್ಲಿ ಜಾಗ ಕಳೆದುಕೊಂಡ ರಾಬರ್ಟೊ ಮೊರೆನೊ ಜೋರ್ಡನ್ನಿನ ಸೀಟಿಗೆ ಬಂದ. ಸಮೀಕರಣ ಸರಿದೂಗಿತು.

ಮುಂದಿನ ಸಂಗತಿಯನ್ನು ಬಹಳ ಜನ ಮರೆತಿದ್ದಾರೆ. ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಿದ ಮೊದಲ ಭಾರತೀಯ, ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, 2005ರಲ್ಲಿ ಕುಳಿತದ್ದು ಇದೇ ಜೋರ್ಡನ್ ಕಾರಿನಲ್ಲಿ. ಬೆನ್ನಿಗೆ ಟಾಟಾ ಮುಂತಾದ ಪ್ರಾಯೋಜಕರಿದ್ದರು. ಆ ವರ್ಷದ ಅಮೆರಿಕದ ಪಂದ್ಯದಲ್ಲಿ ಟೈರಿನ ತೊಂದರೆಯಿಂದ ಮಿಷೆಲಿನ್ ಟೈರಿನ ತಂಡಗಳೆಲ್ಲ ಹಿಂದೆ ಸರಿದು ಆರೇ ಕಾರು ಓಡಿದಾಗ ಅವರು ನಾಲ್ಕನೆಯವರಾಗಿ 5 ಅಂಕ ಪಡೆದರು. ಅಂದರೆ ಬೆಂಗಳೂರಿನವರ ಕೈಗೆ ಬರುವ ಮೊದಲು ಈ ತಂಡ ಭಾರತೀಯನೊಬ್ಬನಿಗೆ ಸೀಟು ಕೊಟ್ಟಿತ್ತು. ಬಂದ ಮೇಲೆ ಕೊಡಲಿಲ್ಲ.

ಜೋರ್ಡನ್ ತಂಡ ಮಿಡ್‌ಲ್ಯಾಂಡ್ ಆಯಿತು, ಸ್ಪೈಕರ್ ಆಯಿತು. 2007ರಲ್ಲಿ ಯುನೈಟೆಡ್ ಬ್ರೂವರೀಸ್ ಸಮೂಹದ ವಿಜಯ್ ಮಲ್ಯ ನೆದರ್ಲೆಂಡ್ಸಿನ ಪಾಲುದಾರರೊಂದಿಗೆ ಸೇರಿ 8 ಕೋಟಿ 80 ಲಕ್ಷ ಯೂರೊಗೆ ಅದನ್ನು ಕೊಂಡರು. 2008ರಿಂದ ಅದು ಫೋರ್ಸ್ ಇಂಡಿಯಾ. ಮಲ್ಯ ಸ್ವತಃ ಮದರಾಸಿನ ಬಳಿಯ ಶೋಲಾವರಂ ಪಥದಲ್ಲಿ ಕಾರು ಓಡಿಸಿದ್ದವರು. 2009ರಿಂದ ಕಾರಿನ ಮೇಲೆ ಬಿಳಿ, ಹಸಿರು, ಕೇಸರಿ ಬಣ್ಣ ಬಂತು. ಇಷ್ಟಾದ ಮೇಲೆ ಪತ್ರಿಕೆಗಳು ಸುಮ್ಮನಿದ್ದಾವೆಯೇ? ಕಾರ್ತಿಕೇಯನ್ ಬರುತ್ತಾರಂತೆ, ಇಲ್ಲ, ಚೆನ್ನೈಯ ಕರುಣ್ ಚಂಧೋಕ್ ಬರುತ್ತಾರಂತೆ. ಒಡೆಯ ಭಾರತೀಯ, ಹೆಸರು ಭಾರತೀಯ, ಬಣ್ಣ ಭಾರತೀಯ, ಹಾಗಿದ್ದ ಮೇಲೆ ಚಾಲಕನೂ ಭಾರತೀಯನಾಗಲೇಬೇಕು ಎಂಬುದು ತರ್ಕ.

ತರ್ಕ ಸೊಗಸಾಗಿತ್ತು, ಆದರೆ ಹಣದ ಲೆಕ್ಕ ಬೇರೆ ಹೇಳುತ್ತಿತ್ತು. ವರ್ಷದ ಕೊನೆಗೆ ತಂಡಗಳ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಎಂಬುದರ ಮೇಲೆ ಬಹುಮಾನದ ಹಣ ನಿಲ್ಲುತ್ತದೆ. 2008ರಲ್ಲಿ ಫೋರ್ಸ್ ಇಂಡಿಯಾ ಗಳಿಸಿದ್ದು ಸೊನ್ನೆ ಅಂಕ. ಅಂಥ ತಂಡಕ್ಕೆ ಬೇಕಾದದ್ದು ಕಾರಿನ ದೋಷವನ್ನು ಎಂಜಿನಿಯರಿಗೆ ಬಿಡಿಸಿ ಹೇಳಬಲ್ಲ ಪಳಗಿದ ಚಾಲಕ. ಇನ್ನೊಂದು ಕಡೆ ಎಂಜಿನ್. 2009ರಿಂದ ಎಂಜಿನ್ ಪೂರೈಸಿದ್ದು ಮರ್ಸಿಡಿಸ್. ಮುಂದೆ ಅದೇ ಮರ್ಸಿಡಿಸ್ ಬೆಳೆಸಿದ ಪಾಲ್ ಡಿ ರೆಸ್ಟಾ 2011ರಲ್ಲೂ ಎಸ್ಟೆಬಾನ್ ಓಕಾನ್ 2017ರಲ್ಲೂ ಈ ತಂಡದಲ್ಲಿ ಕುಳಿತರು. ಎಂಜಿನ್ ಕೊಡುವವರ ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ತಂಡಕ್ಕೆ ಸಂಬಂಧಿಸಿದ ಅತ್ಯಂತ ರೋಚಕ ವದಂತಿ ಮಾತ್ರ ಭಾರತೀಯನ ಬಗ್ಗೆ ಇರಲಿಲ್ಲ. 2009ರ ಜುಲೈ 25ರಂದು ಹಂಗೆರಿಯಲ್ಲಿ ಫೆರಾರಿಯ ಫೆಲಿಪೆ ಮಾಸಾ ಅವರ ಶಿರಸ್ತ್ರಾಣಕ್ಕೆ ಮುಂದಿನ ಕಾರಿನಿಂದ ಕಳಚಿದ ಸ್ಪ್ರಿಂಗ್ ಬಡಿದು ತೀವ್ರ ಗಾಯವಾಯಿತು. ಶುಮಾಕರ್ ಮರಳುತ್ತಾರೆಂದು ಪ್ರಕಟಣೆಯೇ ಹೊರಬಿತ್ತು. ಕುತ್ತಿಗೆ ನೋವಿನಿಂದ ಅದೂ ರದ್ದಾಯಿತು. ಬದಲಿಯಾಗಿ ಬಂದ ಲೂಕಾ ಬಡೋಯರ್ ತೀರ ಹಿಂದುಳಿದರು. ಆಗ ಬೆಲ್ಜಿಯಂನ ಸ್ಪಾದಲ್ಲಿ, ಅಲ್ಲಿಯವರೆಗೆ ಒಂದೂ ಅಂಕ ಕಾಣದ ಫೋರ್ಸ್ ಇಂಡಿಯಾ ಕಾರನ್ನು ಜಿಯಾನ್‌ಕಾರ್ಲೊ ಫಿಸಿಕೆಲ್ಲ ಮೊದಲ ಸಾಲಿನ ಮೊದಲ ಸ್ಥಾನದಲ್ಲಿ ತಂದು ನಿಲ್ಲಿಸಿದರು. ಮರುದಿನ, ಆಗಸ್ಟ್ 30ರಂದು, ಫೆರಾರಿಯ ಕಿಮಿ ರೈಕ್ಕೊನೆನ್ ಗೆದ್ದರು. ಫಿಸಿಕೆಲ್ಲ ಎರಡನೆಯವರು, ಅಂತರ 0.939 ಸೆಕೆಂಡು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕು. ಹೆಬ್ಬಾಳದ ಮೇಲ್ಸೇತುವೆ ಇಳಿಯುವ ಬಸ್ಸು ಬ್ರೇಕು ಹಾಕಿದಾಗ ಅದರ ಚಲನಶಕ್ತಿ ಶಾಖವಾಗಿ ಗಾಳಿಗೆ ಹೋಗುತ್ತದೆ. (ಅಲ್ಲಿ ಬಸ್ಸಿಗೆ ಚಲನಶಕ್ತಿ ಬರುವುದೇ ಅಪರೂಪ, ಆ ಮಾತು ಬೇರೆ.) ಆ ಶಕ್ತಿಯನ್ನು ಬ್ಯಾಟರಿಯಲ್ಲೋ ಗಾಲಿಯಲ್ಲೋ ಹಿಡಿದಿಟ್ಟು ಬೇಕಾದಾಗ ಬಳಸುವ ಸಾಧನಕ್ಕೆ 2009ರಲ್ಲಿ ಅನುಮತಿ ದೊರೆತಿತ್ತು. ಅದರ ಹೆಸರು ಕೆರ್ಸ್. ಒಂದು ಸುತ್ತಿಗೆ 400 ಕಿಲೋಜೂಲ್, 60 ಕಿಲೋವ್ಯಾಟ್ ಮಿತಿ. 400ನ್ನು 60ರಿಂದ ಭಾಗಿಸಿ. ಆರೂವರೆ ಸೆಕೆಂಡಿಗೆ ಸ್ವಲ್ಪ ಮೇಲೆ ಹೆಚ್ಚುವರಿ ಬಲ ಸಿಗುತ್ತದೆ. ಫೆರಾರಿಯಲ್ಲಿ ಕೆರ್ಸ್ ಇತ್ತು, ಫೋರ್ಸ್ ಇಂಡಿಯಾದಲ್ಲಿ ಇರಲಿಲ್ಲ. ಸುರಕ್ಷತಾ ಕಾರು ಹಿಂದೆ ಸರಿದ ಮೇಲೆ ಏರುದಾರಿಯ ಉದ್ದನೆಯ ನೇರ ಪಥದಲ್ಲಿ ರೈಕ್ಕೊನೆನ್ ಮುಂದೆ ಹೋದದ್ದು ಆ ಬಲದಿಂದ. ಉಳಿದ ಇಡೀ ಪಂದ್ಯ ಫಿಸಿಕೆಲ್ಲ ಅವರ ಬೆನ್ನ ಹಿಂದೆಯೇ ಇದ್ದರು.

ಅಂದಿನಿಂದ ವದಂತಿ ಕಾಳ್ಗಿಚ್ಚಾಯಿತು. ಈ ಸಲ ಅದು ಪರೀಕ್ಷೆಗೆ ನಿಲ್ಲುವಂಥದ್ದು. ಫೆರಾರಿಯಲ್ಲಿ ಸೀಟು ಖಾಲಿ ಇತ್ತು, ಮುಂದಿನ ಪಂದ್ಯ ಇಟಲಿಯಲ್ಲೇ ಇತ್ತು, ಫಿಸಿಕೆಲ್ಲ ಇಟಲಿಯವರು, ಅವರ ಜಾಗಕ್ಕೆ ಕೂರಲು ಮೀಸಲು ಚಾಲಕ ಲಿಯುಟ್ಸಿ ಸಿದ್ಧರಿದ್ದರು. ಸೆಪ್ಟೆಂಬರ್ 3ರಂದು ಸುದ್ದಿ ಖಚಿತವಾಯಿತು. ನಂತರ ನಡೆದದ್ದು ವಿಚಿತ್ರ. ಫೆರಾರಿಯ ಐದು ಪಂದ್ಯಗಳಲ್ಲಿ ಫಿಸಿಕೆಲ್ಲ ಒಂದು ಅಂಕವನ್ನೂ ಗಳಿಸಲಿಲ್ಲ. ಅವರು ಬಿಟ್ಟುಬಂದ ಫೋರ್ಸ್ ಇಂಡಿಯಾ ಮಾತ್ರ ಮೊಂಝಾದಲ್ಲಿ ಏಡ್ರಿಯನ್ ಸುಟಿಲ್ ಕೈಯಲ್ಲಿ ನಾಲ್ಕನೆಯದಾಗಿ ಬಂತು.

ಸುಳ್ಳೆನಿಸಿದ ವದಂತಿ ನಿಜವಾದದ್ದೂ ಉಂಟು. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ನೈಸ್ ರಸ್ತೆಯ ಒಂದು ತುದಿ ಸಿಗುತ್ತದೆ. 2011ರ ಸೆಪ್ಟೆಂಬರಿನಲ್ಲಿ ಆ ನೈಸ್ ರಸ್ತೆಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮೆಕ್‌ಲಾರೆನ್ ಕಾರನ್ನು ಓಡಿಸಿ ತೋರಿಸಿದರು. ಸಾವಿರಾರು ಬೆಂಗಳೂರಿಗರು ಕಿವಿ ಮುಚ್ಚಿಕೊಂಡೇ ಕೇಕೆ ಹಾಕಿದರು. ಮರುವರ್ಷ ಅದೇ ತಿಂಗಳು ಹ್ಯಾಮಿಲ್ಟನ್ ಮರ್ಸಿಡಿಸ್ ಸೇರುತ್ತಾರೆಂದು ಬಿಬಿಸಿಯ ವೀಕ್ಷಕ ವಿವರಣೆಕಾರರೊಬ್ಬರು ಹೇಳಿದರು. ಅವರು ಬೇರಾರೂ ಅಲ್ಲ, ಎಡ್ಡಿ ಜೋರ್ಡನ್. ಹಲವರು ನಕ್ಕರು. ಮೆಕ್‌ಲಾರೆನ್ ಗೆಲ್ಲುವ ಕಾರು, ಮರ್ಸಿಡಿಸ್ ತಂಡ 2010ರಲ್ಲಿ ಮರಳಿದ ಮೇಲೆ ಗೆದ್ದಿದ್ದು ಒಂದೇ ಪಂದ್ಯ. ಆದರೆ ಹ್ಯಾಮಿಲ್ಟನ್ ಕರಾರು ಆ ವರ್ಷವೇ ಮುಗಿಯುತ್ತಿತ್ತು. 2014ಕ್ಕೆ ಎಂಜಿನ್ ನಿಯಮ ಪೂರ್ತಿ ಬದಲಾಗಲಿತ್ತು, ಎಂಜಿನ್ ಮಾಡುವವರೇ ಮರ್ಸಿಡಿಸ್. ಸೆಪ್ಟೆಂಬರ್ 28ರಂದು ಅಧಿಕೃತ ಪ್ರಕಟಣೆ ಬಂತು. ಆ ತಂಡದಲ್ಲಿ ಅವರು ಆರು ಸಲ ವಿಶ್ವ ಚಾಂಪಿಯನ್ ಆದರು. ಇನ್ನು ಕರಾರೆಂಬುದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. 2023ರ ಆಗಸ್ಟಿನಲ್ಲಿ 2025ರವರೆಗೆ ಮರ್ಸಿಡಿಸ್‌ಗೆ ಸಹಿ ಹಾಕಿದ ಅದೇ ಹ್ಯಾಮಿಲ್ಟನ್, 2024ರ ಫೆಬ್ರವರಿ 1ರಂದು ಮುಂದಿನ ವರ್ಷಕ್ಕೆ ಫೆರಾರಿಯವರಾದರು. ಹೊರಬರುವ ಬಾಗಿಲು ಕರಾರಿನೊಳಗೇ ಇತ್ತು.

ಮತ್ತೆ ನಮ್ಮ ತಂಡಕ್ಕೆ ಬರೋಣ. 2011ರ ಅಕ್ಟೋಬರ್ 30ರಂದು ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಯಿತು. ಟೀಮ್ ಲೋಟಸ್ ತಂಡದಲ್ಲಿ ಚಂಧೋಕ್ ಓಡುತ್ತಾರೆಂದು ದೇಶವೆಲ್ಲ ನಂಬಿತ್ತು. ಶುಕ್ರವಾರದ ಅಭ್ಯಾಸದಲ್ಲಿ ಓಡಿದರು, ಭಾನುವಾರ ಸೀಟು ಸಿಗಲಿಲ್ಲ. ಓಡಿದ ಭಾರತೀಯ ಕಾರ್ತಿಕೇಯನ್, ಸ್ಪೇನಿನ ಎಚ್.ಆರ್.ಟಿ. ತಂಡದಲ್ಲಿ, 17ನೆಯವರಾಗಿ. ಅವರಿಗಾಗಿ ಎದ್ದು ಜಾಗ ಬಿಟ್ಟವರು ಲಿಯುಟ್ಸಿ. ಫಿಸಿಕೆಲ್ಲ ಬಿಟ್ಟ ಸೀಟನ್ನು 2009ರಲ್ಲಿ ಪಡೆದು, 2011ಕ್ಕೆ ಡಿ ರೆಸ್ಟಾಗೆ ಕಳೆದುಕೊಂಡವರು! ತವರಿನ ಆ ಪಂದ್ಯದಲ್ಲಿ ಫೋರ್ಸ್ ಇಂಡಿಯಾ ಪರ ಓಡಿದವರು ಒಬ್ಬ ಜರ್ಮನ್, ಒಬ್ಬ ಸ್ಕಾಟ್.

2018ರ ಜುಲೈಯಲ್ಲಿ ತಂಡ ಸಾಲದ ಹೊರೆಯಿಂದ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಕೆನಡಾದ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಕೊಂಡುಕೊಂಡಿತು. ಮರುವರ್ಷ ಅವರ ಮಗ ಲಾನ್ಸ್ ಅಲ್ಲಿ ಚಾಲಕನಾದ. ಆ ವದಂತಿಯನ್ನು ಪರೀಕ್ಷಿಸಲು ಭೌತಶಾಸ್ತ್ರ ಬೇಕಿರಲಿಲ್ಲ. ಎದ್ದವನು ಓಕಾನ್. 2008ರಿಂದ 2018ರವರೆಗೆ ಈ ತಂಡದ ಪರ ಪಂದ್ಯಗಳಲ್ಲಿ ಓಡಿದವರು ಒಟ್ಟು ಏಳು ಜನ: ಸುಟಿಲ್, ಫಿಸಿಕೆಲ್ಲ, ಲಿಯುಟ್ಸಿ, ಡಿ ರೆಸ್ಟಾ, ಹುಲ್ಕೆನ್‌ಬರ್ಗ್, ಪೆರೆಜ್, ಓಕಾನ್. ಒಬ್ಬನೂ ಭಾರತೀಯನಲ್ಲ. ಹಾಗೆಂದು ತಂಡ ಕಳಪೆಯಾಗಿತ್ತೆಂದಲ್ಲ. 2016 ಮತ್ತು 2017ರಲ್ಲಿ ಅದು ನಾಲ್ಕನೇ ಸ್ಥಾನ ಪಡೆಯಿತು. ಸೀಟಿನ ಬಗ್ಗೆ ತಂಡ ಮಾಡಿದ ಲೆಕ್ಕ ತಂಡದ ಮಟ್ಟಿಗೆ ಸರಿಯೇ ಇತ್ತೆಂದು ನನಗನ್ನಿಸುತ್ತದೆ. ವರ್ಷ ವರ್ಷವೂ ಆಸೆ ಹುಟ್ಟಿಸಿದ ಸುದ್ದಿಗಳದ್ದು ಬೇರೆಯೇ ಲೆಕ್ಕ. ಸುದ್ದಿ ಸುಳ್ಳಾದಾಗ ಬೈಸಿಕೊಂಡವರು ಅದನ್ನು ಬರೆದವರಲ್ಲ, ಸೀಟು ಸಿಗದ ಚಾಲಕರು.

ಆದರೆ ಆ ತಂಡ ಒಂದು ಬೀಜವನ್ನಂತೂ ಬಿತ್ತಿತು. 2011ರಲ್ಲಿ ದೇಶದ ಎಳೆಯ ಗೋ-ಕಾರ್ಟ್ ಚಾಲಕರನ್ನು ಹುಡುಕುವ ಸ್ಪರ್ಧೆ ನಡೆಸಿತು. ಗೆದ್ದವನು ಬೆಂಗಳೂರಿನ 13 ವರ್ಷದ ಅರ್ಜುನ್ ಮೈನಿ. ಮುಂದೆ ಆತ ಹಾಸ್ ತಂಡದ ಅಭಿವೃದ್ಧಿ ಚಾಲಕನಾದ. ತಮ್ಮ ಕುಶ್ ಮೈನಿ 2023ರಲ್ಲಿ ಆಲ್ಪೀನ್ ತಂಡದ ಅಕಾಡೆಮಿ ಸೇರಿ, 2025ರಲ್ಲಿ ಅದರ ಪರೀಕ್ಷಾ ಮತ್ತು ಮೀಸಲು ಚಾಲಕರಲ್ಲಿ ಒಬ್ಬನಾದ. ಆ ವರ್ಷದ ಮೇ 24ರಂದು ಮೊನಾಕೊದ ಫಾರ್ಮುಲಾ ಟು ಕಿರು ಪಂದ್ಯವನ್ನು ಗೆದ್ದ. ಇಂಥವರ ಓಟವೆಲ್ಲ ಮೊದಲಾಗುವುದು ಗೋ-ಕಾರ್ಟಿನಿಂದ. ನಿಮ್ಮಲ್ಲಿ ಯಾರಿಗಾದರೂ ಅದನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಹೆಬ್ಬಾಳದಿಂದ ನಾಗವಾರ ದಾಟಿ ಹೆಣ್ಣೂರು–ಬಾಗಲೂರು ರಸ್ತೆಗೆ ಹೋಗಿ, ಅಲ್ಲಿ ಮೆಕೊ ಕಾರ್ಟೋಪಿಯಾ ಎಂಬ ಪಥವಿದೆ.

ಮೊನಾಕೊ ಗೆಲುವಿನ ಬಳಿಕ ನಮಗೆ ಬಂದ ಪತ್ರಗಳಲ್ಲೆಲ್ಲ ಒಂದೇ ಪ್ರಶ್ನೆ: 2026ಕ್ಕೆ ಕುಶ್ ಆಲ್ಪೀನ್ ಕಾರಿನಲ್ಲಿ ಕೂರುತ್ತಾನಂತೆ, ನಿಜವೇ? ಏಳುವವನು ಯಾರು ಎಂದು ನೋಡಬೇಕಿತ್ತು. ಆ ತಂಡದ ಒಂದು ಸೀಟಿಗೆ ಪಿಯರ್ ಗ್ಯಾಸ್ಲಿಯ ಕರಾರು ಸೆಪ್ಟೆಂಬರಿನಲ್ಲಿ 2028ರವರೆಗೆ ಬೆಳೆಯಿತು. ಇನ್ನೊಂದಕ್ಕೆ ನವೆಂಬರಿನಲ್ಲಿ ಅರ್ಜೆಂಟೀನಾದ ಫ್ರಾಂಕೊ ಕೊಲಾಪಿಂಟೊ ಹೆಸರು ಪ್ರಕಟವಾಯಿತು.