ಜೋಳದ ಅಂಬಲಿ: ಹುಳಿ ಬಂದ್ರೆ ಯಾವ ವಿಟಮಿನ್ ಹೆಚ್ಚುತ್ತೆ, ಯಾವುದು ಸಿಗಲ್ಲ?

ಬೀದರ್: ಎಳ್ಳ ಅಮಾವಾಸ್ಯೆ ಬಂತಂದ್ರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಹೊಲಗಳಲ್ಲಿ ಭಜ್ಜಿ ಜೊತೆ ಅಂಬಲಿ ಇರಲೇಬೇಕು. ಹಬ್ಬದ ಈ ಅಂಬಲಿಯನ್ನು ದಿನಾ ಮಾಡಿದರೂ ಹೆಚ್ಚು ಖರ್ಚಿಲ್ಲ, ಕೆಲವು ವಿಟಮಿನ್ ಹೆಚ್ಚು ಸಿಗುತ್ತವೆ. ಆದರೆ ಹುಳಿ ಬಂದ ಅಂಬಲಿಯಿಂದಲೇ ಬಿ12 ಸಿಗುತ್ತೆ ಅಂತ ನಂಬಿ ಕೂರುವಂತಿಲ್ಲ.

ಏನು ಹೆಚ್ಚುತ್ತೆ?
ಹಿಟ್ಟು ಕಲಸಿಟ್ಟ ನೀರಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಬೆಳೆದು ಹುಳಿ ಬರುತ್ತೆ. ಇವುಗಳಲ್ಲಿ ಕೆಲವು ಬಿ2 ಮತ್ತು ಫೋಲೇಟ್ ತಯಾರಿಸುತ್ತವೆ. ಜೋಳದಲ್ಲಿನ ಫೈಟಿಕ್ ಆಮ್ಲ ಕಡಿಮೆಯಾಗಿ ಕಬ್ಬಿಣ, ಸತುವಿನ ಅಂಶ ಮೈಗೆ ಹತ್ತೋದು ಸುಲಭವಾಗುತ್ತೆ.

ಮಾಡುವ ವಿಧಾನ
* 1 ಬಟ್ಟಲು ಜೋಳದ ಹಿಟ್ಟಿಗೆ 3 ಬಟ್ಟಲು ನೀರು ಹಾಕಿ, ಗಂಟಿಲ್ಲದಂತೆ ಕಲಸಿ, ಮಣ್ಣಿನ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ ರಾತ್ರಿ ಮುಚ್ಚಿಡಿ. ತಾಮ್ರ, ಅಲ್ಯೂಮಿನಿಯಂ ಬೇಡ.
* ಚಳಿಗಾಲದಲ್ಲಿ ಹಿಂದಿನ ದಿನದ ಹುಳಿ ಹಿಟ್ಟು ಒಂದು ಚಮಚ ಸೇರಿಸಿದರೆ ಬೇಗ ಹುಳಿ ಬರುತ್ತೆ.
* ಹುಳಿ ನೀರು ಚೆಲ್ಲಬೇಡಿ. ಬಿ ವಿಟಮಿನ್ ನೀರಲ್ಲೇ ಕರಗಿರುತ್ತವೆ.
* ಬೆಳಿಗ್ಗೆ ಕುದಿಯುವ ನೀರಿಗೆ ಸುರಿದು, ತಿರುವುತ್ತಾ ಹಿಟ್ಟು ಬೇಯುವಷ್ಟೇ ಕುದಿಸಿ. ಜಾಸ್ತಿ ಕುದಿಸಿದರೆ ಫೋಲೇಟ್ ಕಡಿಮೆಯಾಗುತ್ತೆ.
* ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಸೇರಿಸಿ.
* ಬಣ್ಣ ಬದಲಾದರೆ, ಬೂಸ್ಟು ಬಂದರೆ, ಕೆಟ್ಟ ವಾಸನೆ ಬಂದರೆ ಚೆಲ್ಲಿಬಿಡಿ.

ಬಿ12 ಎಲ್ಲಿಂದ?
ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಸಸ್ಯಾಹಾರಿಗಳಿಗೆ ಅಂಬಲಿಗಿಂತ ಅದರಲ್ಲಿನ ಮಜ್ಜಿಗೆಯೇ ಇಲ್ಲಿ ಮುಖ್ಯ. ಕೈಕಾಲು ಜೋಮು, ಸುಸ್ತು, ಮರೆವು ಇದ್ದರೆ ವೈದ್ಯರಿಗೆ ತೋರಿಸಿ. ಗರ್ಭಿಣಿಯರು ಆಸ್ಪತ್ರೆಯವರು ಕೊಟ್ಟ ಮಾತ್ರೆ ಬಿಟ್ಟು ಅಂಬಲಿಯನ್ನೇ ನಂಬಬಾರದು.

ಬರೀ ಜೋಳ ಸಾಲದು
ಜೋಳವನ್ನೇ ನಂಬಿ ಬದುಕುವವರಲ್ಲಿ ಬಿ3 ಕೊರತೆಯ ಪೆಲ್ಲಾಗ್ರಾ ರೋಗ ಬರುವುದರ ಬಗ್ಗೆ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲೇ ಬರೆದಿದ್ದರು. ಅದಕ್ಕೇ ಅಂಬಲಿ ಜೊತೆ ಬೇಳೆ, ಕಾಳು, ಶೇಂಗಾ ಇರಲಿ. ಹೆಸರು, ಮಡಕಿ ಕಾಳು ಮೊಳಕೆ ಬರಿಸಿದರೆ ವಿಟಮಿನ್ ಸಿ ಕೂಡ ಸಿಗುತ್ತೆ. ಆದರೆ ಜೋಳದ ಮೊಳಕೆ ಹಸಿಯಾಗಿ ತಿನ್ನಬೇಡಿ. ಎಳೆ ಜೋಳ ಮೇಯ್ದ ದನಕ್ಕೆ ವಿಷವಾಗೋದು ರೈತರಿಗೆ ಗೊತ್ತೇ ಇದೆ, ಅದೇ ಅಂಶ ಮೊಳಕೆಯಲ್ಲೂ ಇರುತ್ತೆ.

ಹೋಟೆಲ್‌, ಹಿಟ್ಟಿನ ಅಂಗಡಿಯವರಿಗೆ
ಇಡ್ಲಿ, ದೋಸೆ ಹಿಟ್ಟಿಗೂ ಇದೇ ಲೆಕ್ಕ. ಹುಳಿ ಬರಿಸದೆ ಸೋಡಾ ಹಾಕಿ ಉಬ್ಬಿಸಿದರೆ ಈ ಲಾಭ ಸಿಗಲ್ಲ, ಮೇಲಾಗಿ ಇದ್ದ ಬಿ1 ಕೂಡ ಹಾಳಾಗುತ್ತೆ.