ಮೂರು ಸೀಮೆಯ ಅಳಿಯ: ಮೈಲಾರ, ಖಂಡೋಬಾ, ಮಲ್ಲಣ್ಣ

ಸೊಲ್ಲಾಪುರದ ಅಂಚಿನ ಬಾಳೆ ಎಂಬ ಊರಿನಲ್ಲಿ ಖಂಡೋಬಾನ ಗುಡಿಯಿದೆ. ಮಾರ್ಗಶಿರ ಶುದ್ಧ ಷಷ್ಠಿಯಂದು, ಅಂದರೆ ಚಂಪಾಷಷ್ಠಿಯ ದಿನ, ಅಲ್ಲಿ ಭಂಡಾರ ಹಾರಿ ಮುಂಡಾಸು, ಮುಖ, ನೆಲವೆಲ್ಲ ಹಳದಿಯಾಗುತ್ತವೆ. ಜನರ ಬಾಯಲ್ಲಿ ‘ಯೆಳಕೋಟ ಯೆಳಕೋಟ ಜಯ ಮಲ್ಹಾರ’ ಎಂಬ ಘೋಷ. ಅತ್ತ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ‘ಏಳುಕೋಟಿಗೋ ಚಾಂಗಮಲೋ’ ಎಂದು ಕೂಗುತ್ತಾರೆ. ದೈತ್ಯರ ಮೇಲೆ ದಂಡೆತ್ತಿ ಹೋದ ದೇವರ ಜೊತೆಗೆ ಏಳು ಕೋಟಿ ಸೈನ್ಯವಿತ್ತೆಂಬುದು ಕಥೆ. ಮರಾಠಿಯ ‘ಯೆಳಕೋಟ’ದಲ್ಲಿ ಉಳಿದಿರುವುದು ಆ ಕನ್ನಡ ಲೆಕ್ಕವೇ.

ಈ ಒಂದು ಪದವನ್ನು ಹಿಡಿದು ‘ದೇವರು ಮೂಲತಃ ನಮ್ಮವನು’ ಎಂದು ವಾದಿಸುವುದು ಗಡಿನಾಡಿನಲ್ಲಿರುವ ನಮಗೆ ಸಹಜವಾಗಿಯೇ ಪ್ರಿಯವಾದ ಕೆಲಸ. ಪದ ಸಾಕ್ಷಿ ಹೇಳುವುದು ನಿಜ. ಆದರೆ ದೇವರ ಕಥೆಯನ್ನು ಪೂರ್ತಿಯಾಗಿ ಕೇಳಿದವರಿಗೆ ಆ ವಾದ ಚಿಕ್ಕದೆನಿಸುತ್ತದೆ. ಕನ್ನಡ, ಮರಾಠಿ, ತೆಲುಗು ಎಂಬ ಮೂರು ನಾಡುಗಳು ಒಬ್ಬ ದೇವರನ್ನು ಹೇಗೆ ಕಲ್ಪಿಸಿಕೊಂಡವು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಸಂಸ್ಕೃತದ ‘ಮಲ್ಲಾರಿ ಮಾಹಾತ್ಮ್ಯ’ವು ತಾನು ಬ್ರಹ್ಮಾಂಡ ಪುರಾಣದ ಭಾಗವೆಂದು ಹೇಳಿಕೊಳ್ಳುತ್ತದೆ. 1585ರಲ್ಲಿ ಸಿದ್ಧಪಾಲ ಕೇಸರಿಯು ಅದನ್ನು ಮರಾಠಿಗೆ ತಂದನು. ಅದರ ಪ್ರಕಾರ ಮಣಿ, ಮಲ್ಲ ಎಂಬ ಸೋದರ ದೈತ್ಯರು ಋಷಿಗಳನ್ನು ಪೀಡಿಸಿದಾಗ ಶಿವನು ಮಾರ್ತಂಡಭೈರವನ ರೂಪ ತಾಳಿ ಅವರನ್ನು ಸೋಲಿಸುತ್ತಾನೆ. ಸಾಯುವ ಗಳಿಗೆಯಲ್ಲಿ ಮಣಿಯು ತನ್ನ ಬಿಳಿಯ ಕುದುರೆಯನ್ನು ದೇವರಿಗೊಪ್ಪಿಸಿ, ಗುಡಿಯಲ್ಲಿ ತನಗೂ ಎಡೆ ಬೇಡಿಕೊಳ್ಳುತ್ತಾನೆ. ಮಲ್ಲನಾದರೋ ಮನುಕುಲದ ನಾಶವನ್ನೇ ಬೇಡಿದ್ದರಿಂದ ಅವನ ತಲೆ ಭಕ್ತರು ತುಳಿದು ನಡೆಯುವ ಮೆಟ್ಟಿಲ ಕೆಳಗೆ ಸೇರುತ್ತದೆ. ಇದು ಪುರಾಣದ ಅಚ್ಚಿನಲ್ಲಿ ಎರಕವಾದ ಕಥೆ. ದುಷ್ಟಶಿಕ್ಷಣ ಮುಗಿದೊಡನೆ ಅದರ ಕೆಲಸವೂ ಮುಗಿಯುತ್ತದೆ.

ಜನಪದರ ಕಥೆ ಅಲ್ಲಿಂದಾಚೆಗೆ, ದೇವರ ಮದುವೆಯಲ್ಲಿ, ಬೆಳೆಯುತ್ತದೆ. ಮರಾಠಿ ಹಾಡುಗಳಲ್ಲಿ ಖಂಡೋಬಾನ ಹಿರಿಯ ಹೆಂಡತಿ ಮ್ಹಾಳಸಾ, ನೇವಾಸೆಯ ಲಿಂಗಾಯತ ವ್ಯಾಪಾರಿಯ ಮಗಳು. ಸಾತಾರೆ ಜಿಲ್ಲೆಯ ಪಾಲಿಯಲ್ಲಿ ಪೌಷ ಹುಣ್ಣಿಮೆಗೆ ಇಂದಿಗೂ ಅವರ ವಿವಾಹೋತ್ಸವ ನಡೆಯುತ್ತದೆ. ಕಿರಿಯಳು ಬಾಣಾಯಿ, ಧನಗರರ ಎಂದರೆ ಕುರಿಗಾಹಿಗಳ ಮಗಳು. ಪಗಡೆಯಾಟದಲ್ಲಿ ಮ್ಹಾಳಸಾಳಿಗೆ ಸೋತ ದೇವರು ವನವಾಸಕ್ಕೆ ಹೊರಟು, ವೇಷ ಮರೆಸಿಕೊಂಡು ಬಾಣಾಯಿಯ ತಂದೆಯ ಮನೆಯಲ್ಲಿ ಕುರಿ ಕಾಯುವ ಆಳಾಗುತ್ತಾನೆ. ಕುರಿಗಳನ್ನು ಕೊಂದು, ಮಗಳನ್ನು ಕೊಡುವುದಾದರೆ ಬದುಕಿಸುವೆನೆಂದು ಪಟ್ಟು ಹಿಡಿದು, ಭಂಡಾರ ಎರಚಿ ಮತ್ತೆ ಎಬ್ಬಿಸುತ್ತಾನೆ. ಸಿಂಪಿಗರ ರಂಭಾಯಿ, ಮಾಲಿಗಳ ಫುಲಾಯಿ, ಚಂದಾಯಿ ಎಂಬ ಮತ್ತೆ ಮೂವರು ಹೆಂಡಿರನ್ನೂ ಮರಾಠಿ ಪರಂಪರೆ ಹೆಸರಿಸುತ್ತದೆ. ಚಂದಾಯಿಯನ್ನು ಮುಸಲ್ಮಾನ ಮನೆಯ ಮಗಳೆಂದು ಬಗೆಯುವವರೂ ಇದ್ದಾರೆ.

ಕನ್ನಡದಲ್ಲಿ ಮೈಲಾರಲಿಂಗನ ಮಡದಿಯರು ಗಂಗಿಮಾಳವ್ವ ಮತ್ತು ಕುರುಬತ್ತೆವ್ವ. ಎರಡನೆಯವಳ ಕುಲವನ್ನು ಅವಳ ಹೆಸರೇ ಹೇಳುತ್ತದೆ. ತೆಲಂಗಾಣದ ಕೊಮುರವೆಲ್ಲಿಯ ಮಲ್ಲಣ್ಣನಿಗೆ ಬಲಿಜ ಮೇಡಲಾದೇವಿ, ಗೊಲ್ಲ ಕೇತಮ್ಮ ಎಂಬ ಇಬ್ಬರು. ಭಾಷೆ ಬದಲಾಯಿತು, ಹೆಸರುಗಳು ಬದಲಾದವು. ಮಂದೆ ಕಾಯುವವರ ಮನೆಯಿಂದ ಒಬ್ಬ ಸೊಸೆ ಬರಬೇಕೆಂಬ ಏರ್ಪಾಡು ಮಾತ್ರ ಮೂರು ನಾಡುಗಳಲ್ಲಿಯೂ ಉಳಿಯಿತು. ಮರಾಠಿ, ತೆಲುಗು ಎರಡರಲ್ಲೂ ಅವಳ ಎದುರಿಗೆ ವ್ಯಾಪಾರಿ ಕುಲದವಳೊಬ್ಬಳಿದ್ದಾಳೆ.

ಈ ಜೋಡಿಗೆ ಚರಿತ್ರೆಯ ಆಧಾರವಿದೆ. ದಖ್ಖನದ ಒಣಭೂಮಿಯಲ್ಲಿ ಊರು ಕಟ್ಟಿ ನಿಂತ ವ್ಯಾಪಾರಿ, ಒಕ್ಕಲಿಗರದು ಒಂದು ಬದುಕು. ಮಳೆಯನ್ನೂ ಮೇವನ್ನೂ ಅರಸಿ ಮಂದೆಯೊಡನೆ ತಿರುಗುವವರದು ಇನ್ನೊಂದು. ಬೆಳೆ ಕೊಯ್ದ ಹೊಲದಲ್ಲಿ ಕುರಿ ತರುಬಿದರೆ ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ಆಗದು. ಹಾಗೆಂದು ಇಬ್ಬರ ನಡುವೆ ಕೊಟ್ಟು ತರುವ ಸಂಬಂಧವೂ ಇಲ್ಲ. ಮನುಷ್ಯರು ಮಾಡಲಾರದ ಆ ಬೀಗತನವನ್ನು ಕಥೆಯಲ್ಲಿ ದೇವರು ಮಾಡಿದನು. ಅವನ ಮನೆಯಲ್ಲಿ ಸವತಿಯರ ಜಗಳ ತಪ್ಪಲಿಲ್ಲ. ಜೇಜುರಿಯಲ್ಲಿ ಮ್ಹಾಳಸಾ ಬೆಟ್ಟದ ಮೇಲೆ ಸ್ವಾಮಿಯ ಜೊತೆಗಿದ್ದಾಳೆ, ಬಾಣಾಯಿಯ ಗುಡಿ ಬೆಟ್ಟದ ನಡುದಾರಿಯಲ್ಲಿದೆ. ಹಾಡುಗಳಲ್ಲಿ ಈ ಜಗಳ ಬಲು ರಸವತ್ತಾಗಿ ಬರುತ್ತದೆ. ಮಡಿಯ ಹೆಮ್ಮೆಯೂ ಮಂದೆಯ ಹೆಮ್ಮೆಯೂ ಅಲ್ಲಿ ಸಮಸಮವಾಗಿ ಮಾತಿಗೆ ನಿಲ್ಲುತ್ತವೆ. ಎತ್ತರದಲ್ಲಿ ಸಮಾನತೆ ಸಿಗದಿದ್ದರೂ ಮಾತಿನಲ್ಲಿ ಸಿಕ್ಕಿತು. ಧನಗರ ಕುಲದ ಹೋಳ್ಕರರು ಜೇಜುರಿಯ ಗುಡಿಯನ್ನು ಬೆಳೆಸಿದ್ದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಅವರ ಮೂಲಪುರುಷನ ಹೆಸರೂ ಮಲ್ಹಾರರಾವ್.

ಕಥೆಯನ್ನು ಹೊತ್ತು ನಡೆದವರೂ ಮೂವರು: ಕನ್ನಡದ ಗೊರವ, ಮರಾಠಿಯ ವಾಘ್ಯಾ, ತೆಲಂಗಾಣದ ಒಗ್ಗು ಕಥೆಗಾರ. ಗೊರವನ ಕೈಯ ಡಮರುಗ ಅಲ್ಲಿ ‘ಒಗ್ಗು’ ಆಗುತ್ತದೆ. ಕಂಬಳಿಯ ನಿಲುವಂಗಿ ತೊಟ್ಟ ಗೊರವನು ಸ್ವಾಮಿಯ ನಾಯಿಯಾಗಿ ಬೊಗಳುತ್ತಾನೆ, ದೋಣಿಯಲ್ಲಿಟ್ಟ ಎಡೆಯನ್ನು ಬಾಯಿ ಹಾಕಿ ತಿನ್ನುತ್ತಾನೆ. ಮಂದೆ ಕಾಯುವವನಿಗೆ ನಾಯಿಗಿಂತ ನಂಬಿಕೆಯ ಜೀವ ಬೇರೆ ಯಾವುದಿದೆ? ಭಕ್ತಿಯೆಂದರೆ ಏನೆಂದು ಕೇಳಿದರೆ ಕುರಿಗಾಹಿಯು ತಾನು ಕಂಡ ನಿಷ್ಠೆಯನ್ನೇ ತೋರಿಸಿದನು. ಅದೇ ಗೊರವನು ಮೈಲಾರದಲ್ಲಿ ಉಪವಾಸವಿದ್ದು, ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸಾಗರವನ್ನು ನಿಶ್ಶಬ್ದಗೊಳಿಸಿ ಕಾರಣಿಕ ನುಡಿಯುತ್ತಾನೆ. ಆ ಒಂದು ವಾಕ್ಯದಲ್ಲಿ ರೈತರು ಮಳೆಬೆಳೆಯನ್ನು ಓದಿಕೊಳ್ಳುತ್ತಾರೆ.

ಎಲ್ಲರೂ ಈ ದೇವರನ್ನು ಹೀಗೆ ಅಕ್ಕರೆಯಿಂದ ಕಾಣಲಿಲ್ಲ. ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವನ ದೃಷ್ಟಿಯಲ್ಲಿ ಮೈಲಾರನೆಂದರೆ ಯುದ್ಧದಲ್ಲಿ ಚೋಳರನ್ನು ನಡುಗಿಸಿ ಮಡಿದ ಒಬ್ಬ ಜೈನ; ಅವನನ್ನು ದೇವರೆಂದದ್ದು ಜನರ ಭ್ರಮೆ. ಒಂದು ಸಮಯದವರ ದೇವರು ಇನ್ನೊಂದು ಸಮಯದವರಿಗೆ ಸತ್ತ ವೀರನಾಗಿ ಕಾಣುವುದು ಧರ್ಮಗಳ ಚರಿತ್ರೆಯಲ್ಲಿ ಹೊಸದೇನಲ್ಲ. ಬ್ರಹ್ಮಶಿವನ ಟೀಕೆಯಿಂದ ನಮಗೊಂದು ಉಪಕಾರವೂ ಆಗಿದೆ: ಅವನ ಕಾಲಕ್ಕಾಗಲೇ ಮೈಲಾರನ ಆರಾಧನೆ ಕನ್ನಡನಾಡಿನಲ್ಲಿ ವಾದಕ್ಕೆ ಎಳೆಯುವಷ್ಟು ಬಲಿತಿತ್ತೆಂದು ತಿಳಿಯುತ್ತದೆ.

ಕಥೆಯ ಕರಾಳ ಮುಖವೊಂದನ್ನು ಮುಚ್ಚಿಡುವುದು ಸರಿಯಲ್ಲ. ದೇವರು ಕುಲಕುಲದಿಂದಲೂ ಹೆಣ್ಣು ತಂದನೆಂಬ ಕಲ್ಪನೆಯೇ, ಎಳೆಯ ಹೆಣ್ಣುಮಕ್ಕಳನ್ನು ಅವನಿಗೆ ಮದುವೆ ಮಾಡಿ ‘ಮುರಳಿ’ಯರಾಗಿ ಬಿಡುವ ಪದ್ಧತಿಗೂ ಒಪ್ಪಿಗೆಯ ಮುದ್ರೆಯಾಯಿತು. ಹಾಗೆ ಬಿಟ್ಟವರಲ್ಲಿ ಬಹುಮಂದಿ ಬಡವರ, ಕೆಳಗಿನವರೆನಿಸಿಕೊಂಡವರ ಮಕ್ಕಳು. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಇಂತಹ ಅರ್ಪಣೆಯನ್ನು ನಿಷೇಧಿಸಿತು. ಕಥೆಯಲ್ಲಿ ಕುಲಗಳನ್ನು ಕೂಡಿಸಿದ ಮದುವೆ ಬದುಕಿನಲ್ಲಿ ಹೆಣ್ಣಿನ ಮೇಲೆ ಹೊರೆಯಾಯಿತು. ನಂಬಿಕೆಯನ್ನು ಗೌರವಿಸುವವರೇ ಈ ಮಾತನ್ನು ಮೊದಲು ಆಡಬೇಕು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ದೇವರು ಯಾರವನು? ಮರಾಠಿಯ ರಾ. ಚಿಂ. ಢೇರೆ, ಜರ್ಮನಿಯ ಗುಂಥರ್ ಸೊಂಥೈಮರ್ ಮುಂತಾದ ವಿದ್ವಾಂಸರು ಖಂಡೋಬಾನ ಜಾಡನ್ನು ಹಿಡಿದು ಹೊರಟಾಗ ಮಹಾರಾಷ್ಟ್ರದ ಎಲ್ಲೆಯೊಳಗೆ ನಿಲ್ಲಲಾಗಲಿಲ್ಲ. ಕನ್ನಡ, ತೆಲುಗು ನೆಲಗಳಿಗೆ ಬರಲೇಬೇಕಾಯಿತು. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ಭಾಷೆಯ ಲೆಕ್ಕ ಹಿಡಿದರು. ಕುರಿಮಂದೆಯ ದಾರಿ, ಸಂತೆಯ ದಾರಿ, ಜಾತ್ರೆಯ ದಾರಿ ಆ ಲೆಕ್ಕಕ್ಕೆ ಸಿಗುವಂಥವಲ್ಲ. ನಮ್ಮ ಮನೆಗಳಲ್ಲಿ ಮೈಲಾರನೆಂದು ಕರೆದು, ಬೀದಿಯಲ್ಲಿ ಖಂಡೋಬಾನೆಂದು ಕೈಮುಗಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೊಲ್ಲಾಪುರದಿಂದ ಹೈದರಾಬಾದಿನ ದಾರಿ ಹಿಡಿದರೆ ಅಣದೂರು, ನಳದುರ್ಗ ಎಂಬ ಎರಡು ಊರುಗಳು ಸಿಗುತ್ತವೆ. ಖಂಡೋಬಾ ಬಾಣಾಯಿಯರ ಮದುವೆಯಾದ ಸ್ಥಳವೆಂದು ನಳದುರ್ಗಕ್ಕೆ ಹೆಸರು. ಎರಡೂ ಊರುಗಳಲ್ಲಿ ಗುಡಿಯಿದೆ, ಮೂರ್ತಿ ಮಾತ್ರ ಒಂದೇ. ವರ್ಷದ ಹೆಚ್ಚಿನ ತಿಂಗಳುಗಳನ್ನು ದೇವರು ಅಣದೂರಿನಲ್ಲಿ ಕಳೆದು, ಉಳಿದ ಕಾಲಕ್ಕೆ ಪಲ್ಲಕ್ಕಿಯಲ್ಲಿ ನಳದುರ್ಗಕ್ಕೆ ಬರುತ್ತಾನೆ. ಒಪ್ಪಿಸುವಾಗ ಎರಡೂ ಊರಿನವರು ಲಿಖಿತ ಕರಾರು ಮಾಡಿಕೊಳ್ಳುತ್ತಾರೆ. ದೇವರು ತಮ್ಮವನೆಂಬ ಮಾತನ್ನು ಯಾವ ಊರೂ ಬಿಟ್ಟುಕೊಟ್ಟಿಲ್ಲ. ಅವಧಿ ಮುಗಿದಾಗ ಪಲ್ಲಕ್ಕಿಯನ್ನು ತಡೆದಿಟ್ಟುಕೊಳ್ಳುವುದೂ ಇಲ್ಲ. ಅಳಿಯನೆಂದ ಮೇಲೆ ಮಾವನ ಮನೆಗಳು ಹಲವು, ಎಲ್ಲ ಮನೆಗಳಿಗೂ ಅವನು ಬಂದು ಹೋಗಬೇಕು. ಗಡಿಯಲ್ಲಿ ಬಾಳುವ ನಮಗೆ ಹಿರಿಯರು ಈ ಕಥೆಯಲ್ಲಿ ಕಟ್ಟಿಕೊಟ್ಟ ಬುತ್ತಿ ಇದೇ.